ಶಿವರಾತ್ರಿಯ ಜಾಗರಣೆಯೂ ಬೆಟ್ಟದ ಚಿತ್ರವೂ

ಮೂವತ್ತಕ್ಕೂ ಹೆಚ್ಚು ವರ್ಷ ನಾವು ಪಾಠಶಾಲೆಯ ಹುಡುಗರಿಂದ ಅಶ್ವಿನಿ ಮೊದಲ್ಗೊಂಡು ರೇವತಿಯವರೆಗಿನ 27 ನಕ್ಷತ್ರಗಳನ್ನು ಬಾಯಿಪಾಠ ಮಾಡಿಸಿದೆವು. ತಪ್ಪಿದವರ ಕಿವಿ ಹಿಂಡಿದ್ದೂ ಉಂಟು. ಆದರೆ ಮೂಲಾ ನಕ್ಷತ್ರವು ಆಕಾಶದ ಯಾವ ದಿಕ್ಕಿನಲ್ಲಿರುವದೆಂದು ಅವರಲ್ಲಿ ಒಬ್ಬನಾದರೂ ಕೇಳಿದ್ದರೆ ನಮ್ಮ ಮಾನವು ಉಳಿಯುತ್ತಿರಲಿಲ್ಲ. ಯಾರೂ ಕೇಳಲಿಲ್ಲ, ನಾವೂ ನೋಡಲಿಲ್ಲ. ಈಗ ಅರವತ್ತರ ವಯಸ್ಸಿನಲ್ಲಿ, ಎರಡೂ ಕಣ್ಣುಗಳಿಗೆ ಪೊರೆ ಬಂದ ಮೇಲೆ, ಅದನ್ನು ಕಾಣುವ ಯೋಗವು ಒದಗಿತು. ಅದು ಒದಗಿದ ಬಗೆಯನ್ನೇ ಈ ತಿಂಗಳು ಬರೆಯುವೆವು.

ನಮ್ಮ ತಂಗಿಯ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಬೆಟ್ಟಗುಡ್ಡಗಳ ಛಾಯಾಚಿತ್ರ ತೆಗೆಯುವ ಹುಚ್ಚು ಅವನಿಗೆ. ಮಾಘಮಾಸದಲ್ಲಿ ಜಮಖಂಡಿಗೆ ಬಂದಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚಿತ್ರಗಳನ್ನು ತಂದಿದ್ದನು. 1987ರಲ್ಲಿ ಘೋಷಿತವಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಪ್ರದೇಶವದು. ಬೆಟ್ಟದ ಬೆನ್ನಿನ ಮೇಲೆಲ್ಲ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಎಂಬ ದಟ್ಟ ಅಡವಿ. 2005ರ ಕೊನೆಯವರೆಗೆ ಅಲ್ಲಿ ಕಬ್ಬಿಣದ ಅದಿರನ್ನು ಅಗೆಯುತ್ತಿದ್ದರು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಅದು ನಿಂತಿತು. ಸೂರ್ಯೋದಯದ ಒಂದು ಚಿತ್ರದಲ್ಲಿ ಮಂಜು ಕಣಿವೆಯ ತುಂಬ ಹಾಲಿನಂತೆ ನಿಂತಿತ್ತು. ಇನ್ನೊಂದರಲ್ಲಿ ಕಪ್ಪು ಬೆಟ್ಟದ ನೆತ್ತಿಯ ಮೇಲೆ ಆಕಾಶಗಂಗೆ. ರಾತ್ರಿ ಅಡವಿಯಲ್ಲಿಯೇ ಇದ್ದೆಯಾ ಎಂದು ಕೇಳಲು, ಉದ್ಯಾನದೊಳಗೆ ಬೀಡುಬಿಡಲು ಅಪ್ಪಣೆಯಿಲ್ಲವೆಂದೂ, ಎಲ್ಲೆಯ ಹೊರಗಿನ ಹಳ್ಳಿಯೊಂದರ ಅಂಗಳದಿಂದ ಅದನ್ನು ತೆಗೆದನೆಂದೂ ಹೇಳಿದನು.

“ನಮ್ಮ ಸೀಮಿಯೊಳಗ ಇಂಥಾದ್ದು ಇಲ್ಲೇನೋ?” ಎಂದು ತಂಗಿಯು ಕೇಳಿದಳು. ಇಲ್ಲದೆ ಏನು! ಬೀಳಗಿ ಮತ್ತು ಮುಧೋಳ ತಾಲೂಕುಗಳ ಕುರುಚಲು ಗುಡ್ಡಗಳಲ್ಲಿ 2016ರಲ್ಲಿ ಘೋಷಿತವಾದ ಯಡಹಳ್ಳಿ ಚಿಂಕಾರ ವನ್ಯಧಾಮವಿರುವದು. ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಪದವಿಯಲ್ಲಿ ಅದು ರಾಷ್ಟ್ರೀಯ ಉದ್ಯಾನವಲ್ಲ. ಎತ್ತರದಲ್ಲಿ ಕುದುರೆಮುಖದ ಮೊಣಕಾಲಿಗೂ ಬಾರದು. ಆದರೂ ಚಿಂಕಾರವೆಂಬ ಸಣ್ಣ ಹುಲ್ಲೆಗೂ ತೋಳಕ್ಕೂ ಅದೇ ಆಶ್ರಯ. ಕತ್ತಲಾದ ಮೇಲೆ ಮೆಲ್ಲಗೆ ಒಳಹೊಕ್ಕರೆ ಯಾರು ನೋಡುತ್ತಾರೆಂದು ನಾವೇ ಅಂದುಬಿಟ್ಟೆವು. ಮಾಸ್ತರನ ಬಾಯಿಂದ ಬರತಕ್ಕ ಮಾತಲ್ಲ. “ಮಾಮಾ, ಹಂಗ ಮಾಡಬಾರದ್ರೀ. ನಮ್ಮ ಬೆಳಕಿಗೆ ಅವು ಬೆದರಿ ಓಡ್ತಾವು” ಎಂದನು ಅಳಿಯ. ವನ್ಯಧಾಮದೊಳಗೆ ಚಿತ್ರ ತೆಗೆಯುವದಕ್ಕೂ ಅನುಮತಿ ಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯು ವಿಧಿಸಿರುವದನ್ನು ಅವನಿಂದಲೇ ತಿಳಿದೆವು.

ಆದ್ದರಿಂದ ಎಲ್ಲೆಯ ಹೊರಗೆ, ಪರಿಚಯದ ರೈತರೊಬ್ಬರ ಹೊಲದಲ್ಲಿ ಕೂಡ್ರುವದೆಂದು ನಿಶ್ಚಯವಾಯಿತು. ದಿನವನ್ನು ಮಾತ್ರ ನಾವು ಆರಿಸಿದೆವು: ಮಹಾಶಿವರಾತ್ರಿ. ಕೃಷ್ಣಪಕ್ಷದ ಚತುರ್ದಶಿಯಾದ್ದರಿಂದ ಚಂದ್ರನ ಕಾಟವಿಲ್ಲ, ಜಾಗರಣೆಯ ಪುಣ್ಯವೂ ಉಂಟು. ಉಪವಾಸದ ಸಾಬೂದಾಣಿ ಖಿಚಡಿಯ ಡಬ್ಬಿ ಕಟ್ಟಿಕೊಂಡು, ಕಂಬಳಿ ಹೊದ್ದು ಹೊರಟೆವು.

ರಾತ್ರಿಯ ಚಿತ್ರದ ಗುಟ್ಟೆಲ್ಲ ತಾಳ್ಮೆಯಲ್ಲಿದೆ. ನಮ್ಮ ಕಣ್ಣು ಬೆಳಕನ್ನು ಕೂಡಿಹಾಕಲಾರದು; ಕ್ಷಣದಲ್ಲಿ ಬಂದುದನ್ನು ಕ್ಷಣದಲ್ಲಿಯೇ ವೆಚ್ಚ ಮಾಡಿಬಿಡುತ್ತದೆ. ಕ್ಯಾಮೆರಾವಾದರೋ ಕಿಂಡಿ ತೆರೆದಿರುವಷ್ಟು ಹೊತ್ತೂ ಕಾಸಿಗೆ ಕಾಸು ಸೇರಿಸುವ ಜಿಪುಣನಂತೆ ಬೆಳಕನ್ನು ಶೇಖರಿಸುವದು. ಆದರೆ ಅದಕ್ಕೂ ಮಿತಿಯಿದೆ. ಭೂಮಿಯು 4 ನಿಮಿಷಕ್ಕೆ ಒಂದು ಅಂಶದಂತೆ ತಿರುಗುವದರಿಂದ, ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಚುಕ್ಕೆಗಳಾಗಿ ಉಳಿಯದೆ ಗೆರೆಗಳಾಗುತ್ತವೆ. 500ನ್ನು ಮಸೂರದ ನಾಭಿದೂರದಿಂದ ಭಾಗಿಸಿದರೆ ಬರುವ ಸೆಕೆಂಡುಗಳೇ ಮೇರೆಯೆಂಬ ಒಂದು ಸ್ಥೂಲ ಲೆಕ್ಕವಿದೆ. ಅಳಿಯನ 24 ಮಿಲಿಮೀಟರಿನ ಮಸೂರಕ್ಕೆ ಸುಮಾರು 20 ಸೆಕೆಂಡು. ಅಷ್ಟು ಹೊತ್ತು ಕೈ ನಿಲ್ಲದು, ಮೂರುಕಾಲಿನ ಸ್ಟ್ಯಾಂಡೇ ಬೇಕು. ಕತ್ತಲೆಯಲ್ಲಿ ಯಂತ್ರವು ತಾನಾಗಿ ಗುರಿ ಹಿಡಿಯಲಾರದಾದ್ದರಿಂದ ಉಜ್ವಲವಾದೊಂದು ನಕ್ಷತ್ರವನ್ನು ನೋಡಿ ಕೈಯಿಂದಲೇ ಮಸೂರವನ್ನು ಹೊಂದಿಸತಕ್ಕದ್ದು.

ಪಶ್ಚಿಮಕ್ಕೆ ಮುಧೋಳದ ಕಡೆಯ ಆಕಾಶವು ಹಳದಿಯಾಗಿತ್ತು. ಕಬ್ಬು ಅರೆಯುವ ಹಂಗಾಮು. ಸಕ್ಕರೆ ಕಾರಖಾನೆಗಳಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಅವುಗಳ ಮೇಲೆ ನಮಗೆ ಸಿಟ್ಟಿಲ್ಲ, ನಮ್ಮೂರ ಅನೇಕರ ಅನ್ನ ಅಲ್ಲಿದೆ. ದೀಪಗಳಿಗೆ ಮೇಲೊಂದು ಮುಚ್ಚಳವಿದ್ದರೆ ಬೆಳಕು ನೆಲಕ್ಕೆ ಬೀಳುತ್ತಿತ್ತು. ಆಕಾಶಕ್ಕೆ ದೀಪ ಹಿಡಿದು ಯಾರಿಗೆ ಲಾಭ? ಅಳಿಯನು ಯಂತ್ರವನ್ನು ಆಗ್ನೇಯಕ್ಕೆ, ಗುಡ್ಡದ ಕಡೆಗೆ ತಿರುಗಿಸಿದನು.

ನಾಲ್ಕೂವರೆಯ ಸುಮಾರಿಗೆ ಮೊದಲ ಚಿತ್ರಕ್ಕೆ ಕಿಂಡಿ ತೆರೆಯಿತು. ನಾವು ಮನಸ್ಸಿನಲ್ಲಿ ಹನ್ನೆರಡರವರೆಗೆ ಎಣಿಸಿದ್ದೆವು. ಕಾಲಿನ ಬಳಿ ಏನೋ ಸರಿದಂತಾಯಿತು. ಕೈ ತಡೆಯಲಿಲ್ಲ. “ಮಾಮಾ, ಬ್ಯಾಟರಿ ಆರಿಸ್ರೀ!” ಎಂಬ ಕೂಗು. ಚಿತ್ರದ ತುಂಬ ಬಿಳಿಯ ಬೆಳಕು, ನಡುವೆ ನಮ್ಮ ಧೋತರದ ಅಂಚು. ಸರಿದದ್ದು ಖಿಚಡಿಯ ಡಬ್ಬಿಯ ಮುಚ್ಚಳ. ವಿನತೆಯು ತಾಳ್ಮೆಗೆಟ್ಟು ಮೊಟ್ಟೆಯನ್ನು ಅಕಾಲದಲ್ಲಿ ಒಡೆದುದರಿಂದ ಅರುಣನು ತೊಡೆಗಳಿಲ್ಲದೆ ಹುಟ್ಟಿದ ಕಥೆಯನ್ನು ಎಷ್ಟು ಸಲ ಪಾಠ ಹೇಳಿದ್ದೆವು! ಅಮರಕೋಶವು ಅವನನ್ನು ಅನೂರು ಎಂದು ಕರೆಯುವದು ಇದರಿಂದಲೇ.

ಎರಡನೆಯ ಸಲ ಕೈಗಳೆರಡನ್ನೂ ಕಂಬಳಿಯೊಳಗೆ ಕಟ್ಟಿ ಕುಳಿತೆವು. ಇಪ್ಪತ್ತು ಸೆಕೆಂಡು ಮುಗಿದೊಡನೆ ಅಳಿಯನು ಯಂತ್ರದ ಹಿಂಬದಿಯ ಪುಟ್ಟ ಪರದೆಯನ್ನು ನಮ್ಮ ಮುಖದ ಹತ್ತಿರ ತಂದನು. ಬರಿಗಣ್ಣಿಗೆ ಮಸಕು ಕತ್ತಲೆಯಲ್ಲದೆ ಏನೂ ತೋರದಿದ್ದ ಕಡೆ ಗುಡ್ಡದ ಮೇಲಿಂದ ಆಕಾಶಗಂಗೆ ಎದ್ದಿತ್ತು. ಕೆಂಪಾಗಿ ಜ್ಯೇಷ್ಠಾ, ಅದರ ಕೆಳಗೆ ಚೇಳಿನ ಬಾಲದಂತೆ ಬಾಗಿದ ಸಾಲು, ತುದಿಯಲ್ಲಿ ಮೂಲಾ. ನಮ್ಮ ನಕ್ಷತ್ರಮಂಡಲದ ಕೇಂದ್ರವೇ ಆ ದಿಕ್ಕಿಗೆ ಸಮೀಪದಲ್ಲಿರುವದೆಂದು ಇಂದಿನ ಖಗೋಲಜ್ಞರು ಕಂಡಿರುವರು. ಆ ಹೆಸರನ್ನಿಟ್ಟವರಿಗೆ ಇದು ತಿಳಿದಿತ್ತೆಂದು ನಾವು ವಾದಿಸುವದಿಲ್ಲ. ಅಂಥ ವಾದಗಳಿಂದ ಸಂಸ್ಕೃತಕ್ಕೆ ಗೌರವ ಹೆಚ್ಚುವದಿಲ್ಲ. ಆದರೂ ಬಹಳ ಹೊತ್ತು ಆ ಪರದೆಯನ್ನು ಕೈಬಿಡಲಿಲ್ಲ. ಕಿವಿ ಹಿಂಡಿಸಿಕೊಂಡ ಹುಡುಗರ ಮುಖಗಳು ನೆನಪಾದವು.

ಸೂರ್ಯೋದಯಕ್ಕೆ ಮುಂಚಿನ ನಾಲ್ಕು ಘಟಿಕೆಗಳು, ಎಂದರೆ 96 ನಿಮಿಷ, ಅರುಣೋದಯವೆಂದು ಧರ್ಮಶಾಸ್ತ್ರದ ಮಾತು. ಸೂರ್ಯನು ದಿಗಂತದಿಂದ 18 ಅಂಶ ಕೆಳಗಿರುವಾಗ ಬೆಳಕಿನ ಮೊದಲ ಸುಳಿವೆಂದು ಖಗೋಲಜ್ಞರ ಗಣನೆ. ನಮ್ಮ ಸೀಮೆಯಲ್ಲಿ ಅದಕ್ಕೆ ಸುಮಾರು 75 ನಿಮಿಷ. ನಡುವಿನ ಇಪ್ಪತ್ತು ನಿಮಿಷ ಲೆಕ್ಕಕ್ಕೆ ಬೆಳಗು, ಕಣ್ಣಿಗೆ ಕಾರಿರುಳು. ನಕ್ಷತ್ರಚಿತ್ರಕ್ಕೆ ಅದೇ ಕೊನೆಯ ಅವಕಾಶವೆಂದು ಅಳಿಯನು ಅವಸರಪಟ್ಟನು. ಆಮೇಲೆ ಮೂಡಲು ಬೂದಿಬಣ್ಣವಾಗಿ, ನೀಲಿಯಾಗಿ, ಕಡೆಗೆ ಕೆಂಪಾಯಿತು. ಬಾನು ಬೆಳಗಿ ಗುಡ್ಡ ಕಪ್ಪಾಗಿರುವದರಿಂದ ಒಂದೇ ದೃಶ್ಯವನ್ನು ಮೂರು ಅಳತೆಯ ಬೆಳಕಿನಲ್ಲಿ ಹಿಡಿದು ಬಳಿಕ ಕೂಡಿಸುವರಂತೆ. ಕುದುರೆಮುಖದ ಮಂಜು ಇಲ್ಲಿಲ್ಲ. ಬಂಡಿಗಳೆಬ್ಬಿಸಿದ ಧೂಳೇ ಹೊನ್ನಾಗಿ ಹೊಳೆಯಿತು.

ಆ ಎರಡನೆಯ ಚಿತ್ರವು ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೆವು. ಮನೆಯವರ ಮಾತಿಗೆ ಒಪ್ಪದವರು ಈ ಚಿತ್ರಕ್ಕೆ ಒಪ್ಪಿ, ಚೈತ್ರದಲ್ಲಿ ದಿನ ಗೊತ್ತು ಮಾಡಿಸಿರುವೆವು. ಆ ವೇಳೆಗೆ ಮೂಲೆಯು ಮಧ್ಯರಾತ್ರಿಯ ಸುಮಾರಿಗೇ ಉದಿಸುವದರಿಂದ ಮಾಳಿಗೆಯ ಮೇಲೆ ನಿಂತೇ ನೋಡಬಹುದೆಂದು ಅಳಿಯನು ತಿಳಿಸಿದ್ದಾನೆ. ಆಗ್ನೇಯಕ್ಕೆ ಬೀದಿಯ ದೀಪವೊಂದು ಅಡ್ಡವಿದೆ. ಅದಕ್ಕೊಂದು ಮುಚ್ಚಳ ಹಾಕಿಸಬೇಕೆಂದು ಅರ್ಜಿ ಬರೆದಿಟ್ಟಿದ್ದೇವೆ.