ಫಿಲಿಪೈನ್ಸಿನ ಹಾಡುಗಳೂ ಶಾಲೆಯ ಭಾಷೆಯೂ

ಫಿಲಿಪೈನ್ಸ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಚಂಡಮಾರುತ ಮತ್ತು ಜ್ವಾಲಾಮುಖಿ, ಸಾಹಿತ್ಯವಲ್ಲ. ಏಳು ಸಾವಿರಕ್ಕೂ ಮಿಕ್ಕ ದ್ವೀಪಗಳ ಆ ನಾಡಿನಲ್ಲಿ 170ಕ್ಕೂ ಹೆಚ್ಚು ಭಾಷೆಗಳಿವೆ. ಅಲ್ಲಿ ಉಪಾಧ್ಯಾಯನಿಗೆ ‘ಗುರೋ’ ಎನ್ನುತ್ತಾರೆ. ಅದು ಸಂಸ್ಕೃತದ ‘ಗುರು’ವೇ. ಬಹುಕಾಲ ಪಾಠ ಹೇಳಿದ ನನಗೆ ಆ ಒಂದು ಪದದಿಂದಲೇ ಆ ದೇಶ ಹತ್ತಿರದ್ದೆನಿಸಿತು.

ಲುಝಾನ್ ದ್ವೀಪದ ಬೆಟ್ಟಗಳಲ್ಲಿ ಮೆಟ್ಟಿಲುಗದ್ದೆ ಮಾಡಿ ಭತ್ತ ಬೆಳೆಯುವ ಇಫುಗಾವೊ ಜನರಿದ್ದಾರೆ. ಬಿತ್ತನೆಯಲ್ಲಿ, ಕೊಯ್ಲಿನಲ್ಲಿ, ಸಾವಿನ ಮನೆಯ ಜಾಗರಣೆಯಲ್ಲಿ ಅವರು ಹಾಡುವ ಕಥನಗೀತಗಳೇ ‘ಹುಡ್‌ಹುಡ್’. ಮುಂದಾಳಾಗಿ ಹಾಡುವವರು ಬಹುಮಟ್ಟಿಗೆ ವೃದ್ಧೆಯರು. ದಕ್ಷಿಣದ ಮಿಂಡನಾವೊದಲ್ಲಿ, ಲಾನಾವೊ ಸರೋವರದ ಸುತ್ತಲಿನ ಮರನಾವೊ ಜನರಿಗೆ ‘ದರಂಗನ್’ ಎಂಬ ಮಹಾಕಾವ್ಯವಿದೆ. 17 ಭಾಗಗಳು, ಸುಮಾರು 72,000 ಸಾಲುಗಳು. ಮರನಾವೊಗಳು ಮುಸಲ್ಮಾನರು, ಆದರೂ ‘ಮಹಾರಾದಿಯ ಲಾವನ’ ಎಂಬ ಅವರ ಜನಪದ ಕಥೆಯಲ್ಲಿ ನಮ್ಮ ರಾವಣನನ್ನು ಸುಲಭವಾಗಿ ಗುರುತಿಸಬಹುದು. ಕಥೆಗಳು ಮತದ ಗಡಿಯನ್ನು ಕೇಳಿ ಸಂಚರಿಸುವುದಿಲ್ಲ.

ಹುಡ್‌ಹುಡ್‌ಗೆ 2001ರಲ್ಲಿ, ದರಂಗನ್‌ಗೆ 2005ರಲ್ಲಿ ಯುನೆಸ್ಕೊ ಮನ್ನಣೆ ದೊರೆಯಿತು. 2008ರಲ್ಲಿ ಎರಡೂ ಅದರ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿಯೇ. ಆದರೆ ಕೊಯ್ಲಿಗೆ ಯಂತ್ರ ಬಂದ ಗದ್ದೆಯಲ್ಲಿ ಕೊಯ್ಲಿನ ಹಾಡಿಗೆ ಎಡೆಯೆಲ್ಲಿ? ಹಿಟ್ಟಿನ ಗಿರಣಿ ಬಂದ ಮೇಲೆ ನಮ್ಮ ಬೀಸುವ ಪದಗಳಿಗಾದ ಗತಿಯನ್ನು ಓದುಗರು ಬಲ್ಲರು. ಕೆಲಸದೊಡನೆ ಹಾಡು ಹೋದರೂ ಭಾಷೆ ಉಳಿದಿದ್ದರೆ ಅದನ್ನು ಮತ್ತೆ ಕಲಿಯಬಹುದು. ಭಾಷೆಯೇ ಹೋದರೆ ಉಳಿಯುವುದು ಧ್ವನಿಮುದ್ರಿಕೆ ಮಾತ್ರ.

ಆದುದರಿಂದಲೇ ಅಲ್ಲಿನ ಶಾಲಾನೀತಿ ನನ್ನನ್ನು ಕಾಡುತ್ತಿದೆ. 2013ರ ಕಾಯಿದೆಯು ಶಿಶುವಿಹಾರದಿಂದ ಮೂರನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿ ಬೋಧನೆಯನ್ನು ವಿಧಿಸಿತ್ತು. ಇಲೊಕಾನೊ, ಸೆಬುವಾನೊ, ಮರನಾವೊ ಮೊದಲಾದ 19 ಭಾಷೆಗಳು ತರಗತಿಯೊಳಗೆ ಬಂದವು. 2024ರ ಅಕ್ಟೋಬರಿನಲ್ಲಿ ಹೊಸ ಕಾಯಿದೆ ಬಂದು ಆ ಕಡ್ಡಾಯವನ್ನು ತೆಗೆದುಹಾಕಿತು. ಬೋಧನೆ ಮತ್ತೆ ಫಿಲಿಪಿನೊ ಮತ್ತು ಇಂಗ್ಲಿಷಿಗೆ ಮರಳಿತು. ಪ್ರಾದೇಶಿಕ ಭಾಷೆಗಳಿಗೆ ಸಹಾಯಕ ಸ್ಥಾನ. ಮಕ್ಕಳೆಲ್ಲರದೂ ಒಂದೇ ಮಾತೃಭಾಷೆಯಾಗಿರುವ ತರಗತಿಗಳಲ್ಲಷ್ಟೇ ಹಳೆಯ ಕ್ರಮವನ್ನು ಐಚ್ಛಿಕವಾಗಿ ಮುಂದುವರಿಸಬಹುದು.

ಕಾಯಿದೆಯ ಪರವಾದ ವಾದಗಳು ಹುರುಳಿಲ್ಲದವೇನಲ್ಲ. ನಗರದ ಒಂದೇ ಕೊಠಡಿಯಲ್ಲಿ ನಾಲ್ಕಾರು ಮನೆಮಾತಿನ ಮಕ್ಕಳಿರುತ್ತಾರೆ. ಪಠ್ಯಪುಸ್ತಕಗಳು ಸಾಲದು, ಶಿಕ್ಷಕರಿಗೆ ತರಬೇತಿ ಸಾಲದು. ಇವು ನಿಜವಾದ ತೊಡಕುಗಳು; ತರಗತಿಯಲ್ಲಿ ನಿಂತವರಿಗೆ ಅದು ಗೊತ್ತು. ಆದರೆ ಪುಸ್ತಕ ಸಾಲದಿದ್ದರೆ ಪುಸ್ತಕ ಬರೆಸಬೇಕು. ಭಾಷೆಯನ್ನು ಹೊರಗೆ ಕಳಿಸುವುದು ಪರಿಹಾರವಾಗದು.

ಬರೆಸಲು ಸಾಮಗ್ರಿಯ ಕೊರತೆಯಂತೂ ಇಲ್ಲ. ಇಲೊಕೊಸ್ ಪ್ರಾಂತದ ಇಸಬೆಲೊ ದೆ ಲೋಸ್ ರೆಯೆಸ್ 1889ರಲ್ಲೇ ತನ್ನ ನಾಡಿನ ಜಾನಪದವನ್ನು ಗ್ರಂಥವಾಗಿ ತಂದರು. ಅದರಲ್ಲಿ ತಮ್ಮ ತಾಯಿ, ಕವಯಿತ್ರಿ ಲಿಯೋನಾ ಫ್ಲೊರೆಂಟಿನೊ ಅವರ ಕವಿತೆಗಳನ್ನೂ ಸೇರಿಸಿದರು. ಮುಂದೆ ಪ್ರಾಧ್ಯಾಪಕಿ ದಮಿಯಾನಾ ಯೂಜೆನಿಯೊ ಪುರಾಣ, ಐತಿಹ್ಯ, ಒಗಟು, ಗಾದೆ, ಮಹಾಕಾವ್ಯಗಳನ್ನು ಸಂಪುಟ ಸಂಪುಟಗಳಾಗಿ ಸಂಪಾದಿಸಿದರು. ಇವುಗಳಿಂದ ಆಯ್ದ ಒಗಟುಗಳನ್ನೂ ಕಥೆಗಳನ್ನೂ ಮೂಲಭಾಷೆಯಲ್ಲೇ ಮಕ್ಕಳ ಮುಂದಿಟ್ಟರೆ ಒಳ್ಳೆಯ ಮೊದಲ ವಾಚಕವೇ ಸಿದ್ಧವಾಗುತ್ತದೆ. ಒಗಟು ಬಿಡಿಸುವ ಮಗು ತರ್ಕವನ್ನೂ ಕಲಿಯುತ್ತದೆ, ನುಡಿಯನ್ನೂ ಕಲಿಯುತ್ತದೆ; ಫಿಲಿಪಿನೊ, ಇಂಗ್ಲಿಷುಗಳು ಆ ಅಡಿಪಾಯದ ಮೇಲೆ ನಿಲ್ಲಲಿ.

ಅಜ್ಜಿಯ ಹಾಡಿಗೆ ಜಗತ್ತಿನ ಪ್ರಶಸ್ತಿ ಕೊಡಿಸಿ, ಅಜ್ಜಿಯ ನುಡಿಗೆ ಮೊಮ್ಮಗಳ ತರಗತಿಯಲ್ಲಿ ಸಹಾಯಕಿಯ ಪಟ್ಟ ಕಟ್ಟುವುದು ಯಾವ ನ್ಯಾಯ? ಕಾಯಿದೆ ಬಿಟ್ಟಿರುವ ಐಚ್ಛಿಕದ ಕಿಂಡಿಯನ್ನಾದರೂ ಅಲ್ಲಿನ ಹಳ್ಳಿಶಾಲೆಯ ಗುರೋಗಳು ಮುಚ್ಚಗೊಡದಿರಲಿ ಎಂಬುದು ದೂರದ ಈ ಸಹೋದ್ಯೋಗಿಯ ಹಾರೈಕೆ.