ಮೊದಲು ರೊಟ್ಟಿ, ಆಮೇಲೆ ಮಾತು



ಆರಾಧನೆ ಮುಗಿದು ಚರ್ಚಿನ ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ ಯಾರಾದರೂ "ಹೇಗಿದ್ದೀರಿ?" ಅಂದರೆ ತಾನಾಗಿ ಬಾಯಿಗೆ ಬರುವ ಉತ್ತರ ಒಂದೇ: "ಕರ್ತನ ಕೃಪೆಯಿಂದ ಚೆನ್ನಾಗಿದ್ದೇವೆ." ರಾತ್ರಿಯೆಲ್ಲ ರೆಪ್ಪೆ ಮುಚ್ಚಿರುವುದಿಲ್ಲ, ಸಾಲದ ಕಂತು ಕಟ್ಟಿರುವುದಿಲ್ಲ. ಆದರೂ ಚೆನ್ನಾಗಿದ್ದೇವೆ. ನಿಜ ಹೇಳಿದರೆ "ವಿಶ್ವಾಸ ಕಮ್ಮಿಯಾಗಿದೆ, ಇನ್ನೂ ಪ್ರಾರ್ಥನೆ ಮಾಡಿ" ಅಂದಾರು ಎಂಬ ಭಯ.

ಈ ಭಯವನ್ನು ನಮಗೆ ಕಲಿಸಿದ್ದು ಸತ್ಯವೇದವಲ್ಲ. ಅದನ್ನು ಹೇಳುವುದಕ್ಕೇ ಈ ಕರಪತ್ರ.

ಒಂದನೆಯ ಅರಸುಗಳು, 19ನೆಯ ಅಧ್ಯಾಯ ತೆರೆಯಿರಿ. ಕರ್ಮೆಲ್ ಬೆಟ್ಟದಲ್ಲಿ ಬಾಳನ 450 ಪ್ರವಾದಿಗಳ ಎದುರು ಒಬ್ಬನೇ ನಿಂತು ಗೆದ್ದ ಎಲೀಯ, ಈಜೆಬೆಲ್ ರಾಣಿ ಹೇಳಿಕಳಿಸಿದ ಒಂದು ಬೆದರಿಕೆಗೆ ಕುಸಿದುಬಿಟ್ಟ. ಸೇವಕನನ್ನು ಬೇರ್ಷೆಬದಲ್ಲೇ ಬಿಟ್ಟ, ಅಡವಿಯಲ್ಲಿ ಒಂದು ದಿನದ ದಾರಿ ನಡೆದ, ಜಾಲಿಗಿಡದ ಕೆಳಗೆ ಕೂತು ಸಾವನ್ನೇ ಬೇಡಿಕೊಂಡ. ಬೇಡಿ ಮಲಗಿದ.

ಬಂದ ದೇವದೂತ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿದ, ಅಷ್ಟೇ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ಅದಕ್ಕೂ ಬೈಗುಳವಿಲ್ಲ. ಎರಡನೆಯ ಸಲ ಎಬ್ಬಿಸಿ ಮತ್ತೆ ಊಟಕ್ಕೇ ಕರೆದ. ಮುಂದಿನ ದಾರಿ ಇವನ ಶಕ್ತಿಗೆ ಮೀರಿದ್ದು ಎಂದು ದೇವರ ಕಡೆಯವರೇ ಒಪ್ಪಿಕೊಂಡರು! ಇಲ್ಲೇಕೆ ಬಂದೆ ಎಂಬ ಪ್ರಶ್ನೆ ಎದ್ದದ್ದು 40 ದಿನ ಕಳೆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಅಲ್ಲೂ ಎಲೀಯ ಒಂದೇ ದೂರನ್ನು ಎರಡು ಸಲ ಒಪ್ಪಿಸುತ್ತಾನೆ. ನೊಂದವರು ಹೇಳಿದ್ದನ್ನೇ ಹೇಳುತ್ತಾರಲ್ಲ, ಹಾಗೆ. ದೇವರು ಎರಡು ಸಲವೂ ಕೇಳಿಸಿಕೊಂಡರು. ಒಂಟಿಯೆಂದು ಅಳುತ್ತಿದ್ದವನಿಗೆ ಇನ್ನೂ 7,000 ಮಂದಿಯ ಸುದ್ದಿ ಹೇಳಿ, ಎಲೀಷನನ್ನು ಜೊತೆಗೆ ಕೊಟ್ಟರು.

ನನ್ನ ಪಾಲಿಗೆ ಬಂದ ದೇವದೂತ ನೈಲೆಕ್ಸ್ ಸೀರೆ ಉಟ್ಟಿದ್ದರು. ಅಮ್ಮ ತೀರಿಕೊಂಡು ಮೂರನೇ ವಾರ. ಬರುವವರೆಲ್ಲ ಬಂದುಹೋಗಿದ್ದರು. ಪ್ರಾರ್ಥನೆಗೆ ಕೂತರೆ ಗೋಡೆಯ ಜೊತೆ ಮಾತಾಡಿದ ಹಾಗಿತ್ತು. ನಮ್ಮ ಸಭೆಯ ಆಂಟಿಯೊಬ್ಬರು ಟಿಫನ್ ಕ್ಯಾರಿಯರಿನಲ್ಲಿ ಗಂಜಿ, ಹುರುಳಿ ಚಟ್ನಿ ತಂದರು. ಸಿಂಕಿನಲ್ಲಿ ಎರಡು ದಿನದ ಪಾತ್ರೆ ಕಂಡು ಸೆರಗು ಸಿಕ್ಕಿಸಿಕೊಂಡು ತೊಳೆದೇಬಿಟ್ಟರು. ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಕೈ ಇನ್ನೂ ಒದ್ದೆ. "ಸ್ವಾಮಿ, ಇವಳ ಬದಲು ನಾನು ಕೇಳ್ತಿದ್ದೀನಿ, ಇವಳಿಗೆ ನಿದ್ದೆ ಕೊಡಪ್ಪ." ಆ ತಿಂಗಳು ನಾನು ಬದುಕಿದ್ದು ಅವರ ವಿಶ್ವಾಸವನ್ನು ಕಡ ತಂದು.

ಪ್ರಾರ್ಥನೆಯೇ ಬಾರದವರು 88ನೆಯ ಕೀರ್ತನೆ ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರ ಅಂಟಿಸಿಲ್ಲ. ಆದರೂ ಸತ್ಯವೇದದಲ್ಲಿದೆ, ದೇವರಿಗೇ ಹೇಳಿದ ಮಾತಾಗಿ ಇದೆ. ಗೆತ್ಸೇಮನೆಯಲ್ಲಿ ಯೇಸುವೂ ತಮ್ಮ ಸಂಕಟವನ್ನು ಮುಚ್ಚಿಡಲಿಲ್ಲ; ಮೂವರು ಶಿಷ್ಯರನ್ನು ಜೊತೆಗಿರಿ ಎಂದು ಕೇಳಿಕೊಂಡರು. (ಅವರು ನಿದ್ದೆ ಹೋದರು, ಅದು ಬೇರೆ ಮಾತು.) ಸತ್ತು, ಮೂರನೆಯ ದಿನ ಎದ್ದು ಬಂದ ಮೇಲೂ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ತೋಮನಿಗೆ ಅದನ್ನೇ ತೋರಿಸಿದರು. ನಾನು ಹಿಡಿದಿರುವುದು ಆ ಗಾಯದ ಕೈಯನ್ನು. ನನ್ನ ಹಿಡಿತ ಸಡಿಲಾದ ದಿನ ಅದು ನನ್ನನ್ನು ಹಿಡಿದಿರುತ್ತದೆ.

ಡಾಕ್ಟರ ಹತ್ತಿರ ಹೋಗುವುದು ಅವಿಶ್ವಾಸ ಎನ್ನುವವರಿಗೆ ಒಂದೇ ಮಾತು: ಸುವಾರ್ತೆ ಬರೆದ ಲೂಕ ವೈದ್ಯ. ಸಾಯುವ ಯೋಚನೆ ಬರುತ್ತಿದ್ದರೆ ನಾಳೆಗೆ ಕಾಯಬೇಡಿ, ಹತ್ತಿರದವರಿಗೆ ಈಗಲೇ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಗಟ್ಟಿಯಾಗಿರುವವರು ಬರುವ ಭಾನುವಾರ ಬೆಂಚುಗಳ ಮೇಲೆ ಕಣ್ಣಾಡಿಸಿ. ಯಾರು ಬಂದಿಲ್ಲ? ಸೋಮವಾರ ಆ ಮನೆಗೆ ಒಂದು ಡಬ್ಬಿ ಊಟ ತೆಗೆದುಕೊಂಡು ಹೋಗಿ. ಈ ಕರಪತ್ರವನ್ನು ಕೊಡಲೇಬೇಕು ಅನ್ನಿಸಿದರೆ ಡಬ್ಬಿಯ ಕೆಳಗಿಡಿ, ಮೇಲೆ ಬೇಡ.