ಒಂದಕ್ಕೆ ಒದೆಯೋದಾ, ಎರಡಕ್ಕೆ ನುಗ್ಗೋದಾ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾನು ಕಣ್ಣು ಮಿಟುಕಿಸದೆ ನೋಡೋದು ಟಚ್‌ಡೌನ್ ಆದ ಮೇಲಿನ ಅರ್ಧ ನಿಮಿಷವನ್ನ. ಆಟಗಾರರು ಕುಣೀತಾ ಇರ್ತಾರೆ, ಗ್ಯಾಲರಿ ಕಿರುಚ್ತಾ ಇರುತ್ತೆ. ಮೈದಾನದ ಅಂಚಿನಲ್ಲಿ ನಿಂತಿರೋ ಕೋಚ್‌ಗೆ ಮಾತ್ರ ಕುಣಿಯೋಕೆ ಪುರುಸೊತ್ತಿಲ್ಲ. ಅವರು ಒಂದು ಪ್ರಶ್ನೆಗೆ ಕೂಡಲೇ ಉತ್ತರ ಹೇಳಬೇಕು: ಒಂದು ಅಂಕಕ್ಕೆ ಒದೆಯೋದಾ, ಎರಡು ಅಂಕಕ್ಕೆ ನುಗ್ಗೋದಾ?

"ನಮಗ್ಯಾಕಪ್ಪಾ ಆ ಆಟ" ಅಂತ ಸ್ಕ್ರೋಲ್ ಮಾಡಿಬಿಡಬೇಡಿ. ಅಮೆರಿಕದ ಟೀಮ್ ಜೊತೆ ಕೆಲಸ ಮಾಡೋರಿಗೆ ಗೊತ್ತು, ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಸೋಮವಾರದ ಕಾಲ್ ಶುರುವಾಗೋದೇ ಭಾನುವಾರದ ಮ್ಯಾಚ್ ಮಾತಿನಿಂದ. ಸೂಪರ್ ಬೌಲ್ ಅಂತೂ ನಮ್ಮ ಲೆಕ್ಕದಲ್ಲಿ ಸೋಮವಾರ ಬೆಳಗಿನ ಜಾವ 5 ಗಂಟೆಗೆ. ಆಟ ಪೂರ್ತಿ ಅರ್ಥವಾಗದಿದ್ರೂ ಪರವಾಗಿಲ್ಲ, ಅಂಕದ ಲೆಕ್ಕ ಒಂದು ಗೊತ್ತಿದ್ರೆ ಸಾಕು, ಕೊನೆಯ ಹತ್ತು ನಿಮಿಷ ಸೀಟಿನ ತುದಿಯಲ್ಲಿ ಕೂತು ನೋಡಬಹುದು.

ಮೊದಲು ಲೆಕ್ಕ

ಚೆಂಡು ಹಿಡಿದು ಎದುರಾಳಿಯ ಕಡೆಯ ಎಂಡ್ ಝೋನ್‌ಗೆ ನುಗ್ಗಿದ್ರೆ, ಇಲ್ಲವೇ ಅಲ್ಲೇ ಪಾಸ್ ಹಿಡಿದ್ರೆ ಟಚ್‌ಡೌನ್: 6 ಅಂಕ.

ಅಷ್ಟು ದೂರ ಹೋಗೋಕಾಗಲ್ಲ ಅನಿಸಿದ್ರೆ, ನಿಂತ ಜಾಗದಿಂದಲೇ ಒದ್ದು ಎರಡು ಕಂಬಗಳ ನಡುವೆ ಚೆಂಡನ್ನ ದಾಟಿಸಬಹುದು. ಅದು ಫೀಲ್ಡ್ ಗೋಲ್: 3 ಅಂಕ.

ಚೆಂಡಿರೋ ಆಟಗಾರನನ್ನ ಅವನದೇ ಎಂಡ್ ಝೋನ್‌ನಲ್ಲಿ ಕೆಡವಿದ್ರೆ ಸೇಫ್ಟಿ: ಕೆಡವಿದವರಿಗೆ 2 ಅಂಕ.

ಇನ್ನು ಟಚ್‌ಡೌನ್ ಆದ ತಂಡಕ್ಕೆ ಸಿಗೋ ಬೋನಸ್ ಅವಕಾಶ. ಚೆಂಡನ್ನ ಕಂಬಗಳ ನಡುವೆ ಒದ್ರೆ 1. ಒದೆಯೋದು ಬಿಟ್ಟು, ಇನ್ನೊಮ್ಮೆ ಎಂಡ್ ಝೋನ್‌ಗೆ ಓಡಿಯೋ ಪಾಸ್ ಹಿಡಿದೋ ಚೆಂಡು ಸೇರಿಸಿದ್ರೆ 2. ಇದಕ್ಕೆ ಟೂ ಪಾಯಿಂಟ್ ಕನ್ವರ್ಷನ್ ಅಂತಾರೆ. ಎರಡರಲ್ಲಿ ಒಂದನ್ನೇ ಆರಿಸ್ಕೋಬೇಕು, ಸಿಗೋದು ಒಂದೇ ಪ್ರಯತ್ನ.

ಎನ್‌ಎಫ್‌ಎಲ್‌ನಲ್ಲಿ ಎರಡಕ್ಕೆ ನುಗ್ಗೋ ತಂಡ ಗೋಲ್ ಗೆರೆಯಿಂದ ಬರೀ 2 ಗಜ ದೂರದಲ್ಲಿ ನಿಂತಿರುತ್ತೆ. ಎರಡು ಗಜ ಅಂದ್ರೆ ನಮ್ಮ ಅಡುಗೆಮನೆಯ ಕಟ್ಟೆಯಿಂದ ಫ್ರಿಜ್‌ವರೆಗಿನ ದೂರ. ಆದರೆ ನಡುವೆ ಹನ್ನೊಂದು ದೈತ್ಯರು ನಿಂತಿರ್ತಾರೆ. ಹಾಗಾಗಿ ಗೆಲ್ಲೋ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ.

ಕಾಲಿನ ಬೆಲೆ ಇಳಿದ ಕಥೆ

ಹೆಸರಲ್ಲಿ ಫುಟ್ ಇದೆ, ಆಟವೆಲ್ಲ ಕೈಯಲ್ಲಿ. ಇದೆಂಥ ಫುಟ್‌ಬಾಲ್ ಅಂತ ನಗ್ತೀವಲ್ಲ, ಅದಕ್ಕೆ ಉತ್ತರ ಹಳೆಯ ಅಂಕಪಟ್ಟಿಯಲ್ಲಿದೆ. ಈ ಆಟ ಹುಟ್ಟಿದ್ದು ರಗ್ಬಿಯಿಂದ. ಗೆರೆ ದಾಟಿ ಚೆಂಡನ್ನ ನೆಲಕ್ಕೆ ಮುಟ್ಟಿಸೋದು ಅಲ್ಲಿ ದೊಡ್ಡ ಸಾಧನೆಯೇ ಆಗಿರಲಿಲ್ಲ, ಅದರಿಂದ ಸಿಗ್ತಿದ್ದದ್ದು ಒದ್ದು ಗೋಲ್ ಹೊಡೆಯೋಕೆ ಒಂದು ಪ್ರಯತ್ನದ ಹಕ್ಕು. ಇವತ್ತಿಗೂ ಎನ್‌ಎಫ್‌ಎಲ್ ನಿಯಮ ಪುಸ್ತಕದಲ್ಲಿ ಟಚ್‌ಡೌನ್ ನಂತರದ ಈ ಬೋನಸ್ಸಿನ ಹೆಸರು 'ಟ್ರೈ'.

ಅಮೆರಿಕನ್ ಫುಟ್‌ಬಾಲ್‌ನ ಪಿತಾಮಹ ಅನ್ನಿಸಿಕೊಂಡ ವಾಲ್ಟರ್ ಕ್ಯಾಂಪ್ ಕಾಲದಲ್ಲಿ, 1883ರಲ್ಲಿ ಬಂದ ಅಂಕಪಟ್ಟಿ ನೋಡಿ: ಫೀಲ್ಡ್ ಗೋಲ್‌ಗೆ 5, ಟಚ್‌ಡೌನ್ ನಂತರದ ಒದೆತಕ್ಕೆ 4, ಟಚ್‌ಡೌನ್‌ಗೆ ಬರೀ 2, ಸೇಫ್ಟಿಗೆ 1. ಪೂರ್ತಿ ಉಲ್ಟಾ! ಮುಂದಿನ ಮೂವತ್ತು ವರ್ಷಗಳಲ್ಲಿ ಕಾಲಿನ ಬೆಲೆ ಇಳೀತಾ ಬಂತು, ಓಟದ ಬೆಲೆ ಏರ್ತಾ ಹೋಯ್ತು. 1897ರಲ್ಲಿ ಟಚ್‌ಡೌನ್ ನಂತರದ ಒದೆತ 1 ಅಂಕಕ್ಕೆ ಇಳೀತು, 1909ರಲ್ಲಿ ಫೀಲ್ಡ್ ಗೋಲ್ 3ಕ್ಕೆ ಬಂತು, 1912ರಲ್ಲಿ ಟಚ್‌ಡೌನ್ 6 ಆಯ್ತು. ಎರಡಕ್ಕೆ ನುಗ್ಗೋ ಆಯ್ಕೆ ಕಾಲೇಜು ಆಟದಲ್ಲಿ ಬಂದಿದ್ದು 1958ರಲ್ಲಿ. ಎನ್‌ಎಫ್‌ಎಲ್ ಇದನ್ನ ಒಪ್ಪಿಕೊಂಡಿದ್ದು 1994ರಲ್ಲಿ.

ಬೋರಾಗಿದ್ದ ಒಂದು ಅಂಕ

ಮೊದಲೆಲ್ಲ ಆ ಒಂದು ಅಂಕದ ಒದೆತ ಬರೀ ಶಾಸ್ತ್ರಕ್ಕೆ. ದೂರ ಸುಮಾರು 20 ಗಜ, 2014ರಲ್ಲಿ ಇಂಥ ಒದೆತಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಗುರಿ ಮುಟ್ಟಿದವು. ಟಿವಿ ಮುಂದಿದ್ದವರು ಆ ಹೊತ್ತಿಗೆ ಎದ್ದು ಹೋಗಿ ಕಾಫಿ ಮಾಡ್ಕೊಂಡು ಬರಬಹುದಿತ್ತು.

2015ರಲ್ಲಿ ಎನ್‌ಎಫ್‌ಎಲ್ ನಿಯಮ ಬದಲಿಸಿತು. ಒದೆಯೋದಾದ್ರೆ ಚೆಂಡು 15 ಗಜದ ಗೆರೆಯಿಂದ ಬರಬೇಕು, ಅಂದ್ರೆ ಒದೆತದ ದೂರ 33 ಗಜ. ಎರಡಕ್ಕೆ ನುಗ್ಗೋರಿಗೆ ಹಳೆಯ 2 ಗಜವೇ. ಅಷ್ಟಕ್ಕೇ ಆ ವರ್ಷ ಯಶಸ್ಸು ನೂರಕ್ಕೆ 94ರ ಆಸುಪಾಸಿಗೆ ಇಳೀತು. ಜೊತೆಗೆ ಇನ್ನೊಂದು ಕೊಕ್ಕೆ: ಈ ಪ್ರಯತ್ನದಲ್ಲಿ ಎದುರಾಳಿ ಚೆಂಡು ಕಿತ್ಕೊಂಡು ಆ ತುದಿಯವರೆಗೂ ಓಡಿದ್ರೆ ಅವರಿಗೇ 2 ಅಂಕ. 2016ರ ಡಿಸೆಂಬರ್‌ನಲ್ಲಿ ಅಟ್ಲಾಂಟಾ ತಂಡ 28-27ರಿಂದ ಮುಂದಿದ್ದು, ಎರಡಕ್ಕೆ ನುಗ್ಗಿತು. ಕ್ಯಾನ್ಸಸ್ ಸಿಟಿಯ ಎರಿಕ್ ಬೆರಿ ಆ ಪಾಸನ್ನ ನಡುವೆಯೇ ಹಿಡಿದು ಇಡೀ ಮೈದಾನ ಓಡಿಬಿಟ್ಟರು. ಮ್ಯಾಚ್ 29-28ಕ್ಕೆ ಕ್ಯಾನ್ಸಸ್ ಸಿಟಿಯ ಪಾಲಾಯ್ತು.

ಒದೆಯೋನ ಒಂಟಿತನ

ಫೀಲ್ಡ್ ಗೋಲ್ ದೂರದ ಲೆಕ್ಕ ಸುಲಭ. ತಂಡ ಗೋಲ್ ಗೆರೆಯಿಂದ ಎಷ್ಟು ಗಜದಲ್ಲಿದೆಯೋ ಅದಕ್ಕೆ 17-18 ಕೂಡಿಸಿ. ಎಂಡ್ ಝೋನ್‌ನ 10 ಗಜ, ಚೆಂಡನ್ನ ಹಿಂದಕ್ಕೆ ಎಸೆದು ನೆಲಕ್ಕೆ ಹಿಡಿಯೋಕೆ 7-8 ಗಜ. ಕಂಬಗಳ ನಡುವಿನ ಅಗಲ ಹದಿನೆಂಟೂವರೆ ಅಡಿ, ಅಡ್ಡಪಟ್ಟಿಯ ಎತ್ತರ 10 ಅಡಿ.

1970ರಲ್ಲಿ ನ್ಯೂ ಆರ್ಲಿಯನ್ಸ್‌ನ ಟಾಮ್ ಡೆಂಪ್ಸಿ 63 ಗಜದಿಂದ ಒದ್ದು ಡೆಟ್ರಾಯ್ಟ್ ತಂಡವನ್ನ 19-17ಕ್ಕೆ ಸೋಲಿಸಿದ್ರು. ಹುಟ್ಟಿನಿಂದ ಅವರ ಬಲಪಾದಕ್ಕೆ ಬೆರಳುಗಳಿರಲಿಲ್ಲ, ಒದೆದದ್ದು ಅದೇ ಕಾಲಲ್ಲಿ. 2021ರಲ್ಲಿ ಬಾಲ್ಟಿಮೋರ್‌ನ ಜಸ್ಟಿನ್ ಟಕ್ಕರ್ 66 ಗಜದಿಂದ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು, ಪುಟಿದು, ಆಚೆ ಬಿತ್ತು. ಎದುರಾಳಿ ಮತ್ತೆ ಡೆಟ್ರಾಯ್ಟ್, ಅಂಕ ಮತ್ತೆ 19-17! ಪಾಪ ಡೆಟ್ರಾಯ್ಟ್.

ಗುರಿ ತಪ್ಪಿದ್ರೆ? 1991ರ ಸೂಪರ್ ಬೌಲ್‌ನಲ್ಲಿ ಬಫಲೋ ತಂಡ 20-19ರಿಂದ ಹಿಂದಿತ್ತು. ಕೊನೆಯ ಕೆಲವೇ ಸೆಕೆಂಡು, 47 ಗಜ. ಸ್ಕಾಟ್ ನಾರ್ವುಡ್ ಒದ್ದ ಚೆಂಡು ಬಲಕ್ಕೆ ಸರಿದು ಹೋಯ್ತು. ಅರವತ್ತು ನಿಮಿಷ ಇಡೀ ತಂಡ ಆಡಿದ ಮ್ಯಾಚನ್ನ ಜನ ಇವತ್ತಿಗೂ ಅವರೊಬ್ಬರ ಹೆಸರಿನಿಂದಲೇ ನೆನಪಿಟ್ಕೊಂಡಿದ್ದಾರೆ.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಒದೆತ ತಪ್ಪಿದ್ರೆ ಬೈಗುಳ ಕಿಕ್ಕರ್ ತಲೆಗೆ. ಎರಡಕ್ಕೆ ನುಗ್ಗಿ ಸೋತ್ರೆ ಬೈಗುಳ ಕೋಚ್ ತಲೆಗೆ. ಕೋಚ್‌ಗಳು ದಶಕಗಟ್ಟಲೆ ಒಂದಕ್ಕೇ ಒದೆಸ್ತಾ ಬಂದಿದ್ದು ಬರೀ ಗಣಿತ ನೋಡಿ ಅಂತ ನನಗೆ ಅನಿಸಲ್ಲ.

14 ಅಂಕ ಹಿಂದಿದ್ದಾಗ

ಗಣಿತ ಏನು ಹೇಳುತ್ತೆ ನೋಡೋಣ. ನಿಮ್ಮ ತಂಡ 14 ಅಂಕ ಹಿಂದಿದೆ, ಸಮಯ ಕಮ್ಮಿ. ಎರಡು ಟಚ್‌ಡೌನ್ ಬೇಕೇ ಬೇಕು. ಎರಡೂ ಬರುತ್ತೆ, ಎದುರಾಳಿ ಇನ್ನೇನೂ ಗಳಿಸಲ್ಲ ಅಂತಿಟ್ಕೊಳ್ಳಿ. ಮೊದಲ ಟಚ್‌ಡೌನ್ ಬಂತು, ಈಗ 8 ಹಿಂದೆ. ಮುಂದೇನು?

ಸಂಪ್ರದಾಯದ ದಾರಿ: ಈಗಲೂ ಒಂದಕ್ಕೆ ಒದಿ, ಆಮೇಲೂ ಒಂದಕ್ಕೆ ಒದಿ. ಸಮ ಆಗುತ್ತೆ, ಓವರ್‌ಟೈಮ್‌ಗೆ ಹೋಗುತ್ತೆ. ಅಲ್ಲಿ ಅರ್ಧಕ್ಕರ್ಧ. ಇಂಥ 100 ಮ್ಯಾಚಲ್ಲಿ 50 ಗೆಲ್ತೀರಿ.

ಇನ್ನೊಂದು ದಾರಿ: ಈಗಲೇ ಎರಡಕ್ಕೆ ನುಗ್ಗು. 100ರಲ್ಲಿ 50 ಸಲ ಯಶಸ್ಸು, ಆಗ ನೀವು 6 ಹಿಂದೆ. ಮುಂದಿನ ಟಚ್‌ಡೌನ್‌ಗೆ ಸಮ, ಅದರ ಮೇಲೆ ಒಂದು ಒದೆತ, ಓವರ್‌ಟೈಮ್ ಇಲ್ಲದೆಯೇ ಗೆಲುವು. ಉಳಿದ 50 ಸಲ ವಿಫಲ ಆದ್ರೂ ಆಟ ಮುಗಿದಿಲ್ಲ. 8 ಹಿಂದಿದ್ದೀರಿ, ಮುಂದಿನ ಟಚ್‌ಡೌನ್ ನಂತರ ಮತ್ತೆ ಎರಡಕ್ಕೆ ನುಗ್ಗಬಹುದು. ಅದರಲ್ಲಿ 25 ಸಲ ಸಮ ಆಗುತ್ತೆ, ಓವರ್‌ಟೈಮಲ್ಲಿ ಅದರ ಅರ್ಧ ನಿಮ್ಮದು, ಅಂದ್ರೆ ಸುಮಾರು 12. ಒಟ್ಟು 62.

50 ಎಲ್ಲಿ, 62 ಎಲ್ಲಿ! ಒದೆತ ಯಾವತ್ತೂ ತಪ್ಪಲ್ಲ ಅಂತ ಹಿಡಿದು ಹಾಕಿದ ಲೆಕ್ಕ ಇದು. ನಿಜದಲ್ಲಿ ಅಂಕಿ ಒಂದೆರಡು ಆಚೀಚೆ ಆಗುತ್ತೆ, ತೀರ್ಮಾನ ಬದಲಾಗಲ್ಲ. ಅಪಾಯ ಅದೇ, ತಗೊಳ್ಳೋ ಹೊತ್ತು ಬೇರೆ. ಬೇಗ ತಗೊಂಡ್ರೆ ಸೋತಾಗ ಸರಿಪಡಿಸ್ಕೊಳ್ಳೋಕೆ ಇನ್ನೊಂದು ಅವಕಾಶ ಉಳಿಯುತ್ತೆ.

ನೆಬ್ರಾಸ್ಕಾದ ಆ ರಾತ್ರಿ

ನಮ್ಮ ಭಾವ ಕೆಲಸದ ಮೇಲೆ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿದ್ದಾರೆ. ಅಲ್ಲಿ ಕಾಲೇಜು ಫುಟ್‌ಬಾಲ್ ಅಂದ್ರೆ ಊರಹಬ್ಬ. ಒಮ್ಮೆ ಫೋನಲ್ಲಿ ಈ ಲೆಕ್ಕ ಹೇಳಿದೆ. "ಅಲ್ಲ ಮಾರಾಯ, ಇದನ್ನ ಇಲ್ಲಿ ಯಾರ ಮುಂದೂ ಹೇಳ್ಬೇಡ, 1984 ನೆನಪಾದ್ರೆ ಊಟ ಬಿಡ್ತಾರೆ" ಅಂದ್ರು.

1984ರ ಜನವರಿ 2, ಮಯಾಮಿಯ ಆರೆಂಜ್ ಬೌಲ್. ಆ ಸೀಸನ್ ಒಂದೂ ಸೋಲದೆ ಬಂದಿದ್ದ, ದೇಶದ ನಂಬರ್ 1 ನೆಬ್ರಾಸ್ಕಾ ವಿಶ್ವವಿದ್ಯಾಲಯ ಒಂದು ಕಡೆ, ತವರು ನೆಲದಲ್ಲಿ ಮಯಾಮಿ ಇನ್ನೊಂದು ಕಡೆ. ಕೊನೆಯ ಕ್ವಾರ್ಟರ್‌ನಲ್ಲಿ ನೆಬ್ರಾಸ್ಕಾ 31-17ರಿಂದ ಹಿಂದೆ. ಸರಿಯಾಗಿ 14!

ಟಚ್‌ಡೌನ್ ಬಂತು. ಕೋಚ್ ಟಾಮ್ ಆಸ್ಬೋರ್ನ್ ಒಂದಕ್ಕೆ ಒದೆಸಿದ್ರು: 31-24. ಆಟ ಮುಗಿಯೋಕೆ 48 ಸೆಕೆಂಡು ಇರುವಾಗ ಇನ್ನೊಂದು ಟಚ್‌ಡೌನ್: 31-30.

ಆಗ ಕಾಲೇಜು ಆಟದಲ್ಲಿ ಓವರ್‌ಟೈಮ್ ಇರಲಿಲ್ಲ, ಚಾಂಪಿಯನ್ ಯಾರು ಅಂತ ತೀರ್ಮಾನ ಆಗ್ತಿದ್ದದ್ದು ಮತದಿಂದ. ಒಂದಕ್ಕೆ ಒದ್ದು ಸಮ ಮಾಡ್ಕೊಂಡಿದ್ರೆ ಸೋಲದ ತಂಡ ಅನ್ನೋ ಹೆಸರಿನ ಮೇಲೆ ಚಾಂಪಿಯನ್ ಪಟ್ಟ ಬಹುತೇಕ ಖಚಿತ. ಆಸ್ಬೋರ್ನ್ ಗೆಲ್ಲೋಕೆ ಬಂದಿದ್ರು, ಎರಡಕ್ಕೆ ನುಗ್ಗಿಸಿದ್ರು. ಪಾಸ್ ಹೋಯ್ತು. ಮಯಾಮಿಯ ಕೆನ್ನಿ ಕಾಲ್ಹೂನ್ ಬೆರಳು ತಗುಲಿಸಿ ಚೆಂಡನ್ನ ತಪ್ಪಿಸಿಬಿಟ್ಟರು. 31-30, ಪಟ್ಟ ಮಯಾಮಿಗೆ.

ಪಟ್ಟ ಕೈತಪ್ಪಿದ್ರೂ ಆ ನಿರ್ಧಾರವನ್ನ ಧೈರ್ಯದ ಉದಾಹರಣೆಯಾಗಿ ಜನ ಇವತ್ತಿಗೂ ನೆನೆಯುತ್ತಾರೆ. ನನಗೂ ಆ ಮನುಷ್ಯನ ಮೇಲೆ ಗೌರವ. ಆದರೆ ಲೆಕ್ಕ ಮಾತ್ರ ಕಾಡುತ್ತೆ. ಎರಡಕ್ಕೆ ನುಗ್ಗೋ ಮನಸ್ಸು ಇದ್ದೇ ಇತ್ತಲ್ಲ, ಮೊದಲ ಟಚ್‌ಡೌನ್ ಆದಾಗಲೇ ನುಗ್ಗಿದ್ರೆ? ಯಶಸ್ಸಾಗಿದ್ರೆ 31-25, ಮುಂದಿನ ಟಚ್‌ಡೌನ್ ಮತ್ತು ಒಂದು ಒದೆತಕ್ಕೆ 32-31, ಗೆಲುವು. ವಿಫಲವಾಗಿದ್ರೆ 31-23, ಕೊನೆಯಲ್ಲಿ ಮತ್ತೆ ಎರಡಕ್ಕೆ ನುಗ್ಗಿ 31-31 ಮಾಡೋ ಇನ್ನೊಂದು ಬಾಗಿಲು ತೆರೆದೇ ಇರ್ತಿತ್ತು. ಧೈರ್ಯ ಅಷ್ಟೇ ಬೇಕಿತ್ತು, ಸೋಲೋ ಸಾಧ್ಯತೆ ಅರ್ಧ ಆಗ್ತಿತ್ತು.

ಆಸ್ಬೋರ್ನ್ ಅವರ ಕಥೆ ಅಲ್ಲಿಗೆ ಮುಗೀಲಿಲ್ಲ. 1994, 1995, 1997ರಲ್ಲಿ ನೆಬ್ರಾಸ್ಕಾಗೆ ರಾಷ್ಟ್ರೀಯ ಪಟ್ಟ ತಂದುಕೊಟ್ಟು, ಆಮೇಲೆ ಅಮೆರಿಕದ ಸಂಸತ್ತಿಗೂ ಆರಿಸಿ ಹೋದ್ರು.

ಎರಡಕ್ಕೆ ನುಗ್ಗಿ ಗೆದ್ದವರೂ ಇದ್ದಾರೆ. 2007ರ ಜನವರಿ 1ರಂದು ಬಾಯ್ಸಿ ಸ್ಟೇಟ್ ಅನ್ನೋ ಸಣ್ಣ ತಂಡ ದೈತ್ಯ ಓಕ್ಲಹೋಮಾವನ್ನ ಓವರ್‌ಟೈಮ್‌ನಲ್ಲಿ 43-42ಕ್ಕೆ ಕೆಡವಿದ್ದು ಎರಡು ಅಂಕದ ಒಂದು ಚಾಣಾಕ್ಷ ಆಟದಿಂದ. ಪಾಸ್ ಎಸೆಯೋ ಹಾಗೆ ಕೈ ಎತ್ತಿ, ಇನ್ನೊಂದು ಕೈಯಿಂದ ಬೆನ್ನ ಹಿಂದೆ ಚೆಂಡು ಕೊಟ್ಟರು. ಅದನ್ನ ತಗೊಂಡು ಓಡಿದ ಇಯಾನ್ ಜಾನ್ಸನ್, ಮ್ಯಾಚ್ ಮುಗಿದ ಕೂಡಲೇ ಟಿವಿ ಕ್ಯಾಮೆರಾ ಮುಂದೆಯೇ ಮಂಡಿಯೂರಿ ತನ್ನ ಹುಡುಗಿಗೆ ಮದುವೆ ಪ್ರಸ್ತಾಪ ಇಟ್ಟ. ಅವಳೂ ಒಪ್ಪಿದಳು. ಕೆಲವರಿಗೆ ಒಂದೇ ದಿನ ಎಲ್ಲವೂ ಕೂಡಿ ಬರುತ್ತೆ!

ನಮ್ಮ ಮಟ್ಟಿಗೆ

ಪ್ರಾಜೆಕ್ಟ್‌ನಲ್ಲಿ ಕಷ್ಟದ ಭಾಗವನ್ನ ಕೊನೆಯ ವಾರಕ್ಕೆ ತಳ್ಳೋದು ನಮಗೆಲ್ಲ ಗೊತ್ತಿರೋ ಕಾಯಿಲೆ. ಸಂಬಳದ ಮಾತು, ಊರು ಬದಲಿಸೋ ಮಾತು, ಮನೆಯವರಿಗೆ ಹೇಳಬೇಕಾದ ಮಾತು, ಎಲ್ಲದರಲ್ಲೂ ಈಗ ಒಂದಕ್ಕೆ ಒದ್ದುಬಿಡೋಣ, ಆಮೇಲೆ ನೋಡೋಣ ಅನಿಸುತ್ತೆ. ಯಾರೂ ಬೈಯಲ್ಲ, ಅದೇ ಅದರ ಸುಖ. ಆದರೆ ಇವತ್ತು ಕೇಳಿ ಇಲ್ಲ ಅನ್ನಿಸ್ಕೊಂಡ್ರೆ ಬೇರೆ ದಾರಿ ಹುಡುಕೋಕೆ ದಿನ ಉಳಿದಿರುತ್ತೆ. 48 ಸೆಕೆಂಡು ಇರುವಾಗ ಕೇಳಿದ್ರೆ ಉಳಿಯಲ್ಲ.

ಈ ಲೆಕ್ಕ ಈಗ ಕೋಚ್‌ಗಳಿಗೂ ಗೊತ್ತು. 14 ಹಿಂದಿರೋ ತಂಡ ಮೊದಲ ಟಚ್‌ಡೌನ್‌ಗೇ ಎರಡಕ್ಕೆ ನುಗ್ಗೋದು ಎನ್‌ಎಫ್‌ಎಲ್‌ನಲ್ಲಿ ಈಗ ಅಪರೂಪವೇನಲ್ಲ. ಮುಂದಿನ ಸಲ ಮ್ಯಾಚ್ ಹಾಕ್ಕೊಂಡು ಕೂತಾಗ, ಅಂಥ ಹೊತ್ತು ಬಂದ್ರೆ ಕಾಫಿಗೆ ಎದ್ದು ಹೋಗ್ಬೇಡಿ. ಕೋಚ್ ಎಷ್ಟು ಬೆರಳು ಎತ್ತುತ್ತಾರೆ ನೋಡಿ, ನೀವಾಗಿದ್ರೆ ಎಷ್ಟು ಎತ್ತುತ್ತಿದ್ರಿ ಅಂತ ನನಗೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.